ಡಬ್ಬಿ ಮೇಲೆ ಎಂಟು ಕಾರ್ಡ್ ಅಂತಿದೆ, ನಮಗಾಗಿದ್ದು ಐದು: ಪಾಪ್-ಅಪ್ ಕ್ರಿಸ್‌ಮಸ್ ಕಾರ್ಡ್ ಕಿಟ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ಆ ಮೂರರಲ್ಲಿ ಒಂದು ಪೂರ್ತಿ ಒಂದು ಪ್ಲಾಸ್ಟಿಕ್ ಕಡ್ಡಿಗೆ ಹೋಗುತ್ತೆ, ಅದರ ಕತೆ ಮುಂದೆ ಬರುತ್ತೆ. ಕಂಪನಿ ಹೆಸರು ಹಾಕ್ತಿಲ್ಲ, ಈ ಥರದ ಡಬ್ಬಿಗಳೆಲ್ಲ ಹೆಚ್ಚುಕಮ್ಮಿ ಒಂದೇ ನಮೂನೆ ಇರುತ್ವೆ, ಹಾಗಾಗಿ ನೀವು ಯಾವುದೇ ತಗೊಂಡ್ರೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತೆ ಅನ್ಕೋತೀನಿ.

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಕಾರ್ಡ್ ತೆಗೆದ ತಕ್ಷಣ ಒಳಗಿಂದ ಟ್ರೀ ಎದ್ದು ನಿಲ್ಲೋದನ್ನ ಎಲ್ಲೋ ನೋಡಿದಾಳೆ, ನಮ್ಮ ಕೈಯಲ್ಲೂ ಮಾಡೋಣ ಮಾಮಾ ಅಂತ ಹಟ. ನನಗೂ ಏನು ಮಹಾ, ಕಾಗದ ಕತ್ತರಿಸಿ ಅಂಟಿಸೋದು ತಾನೇ, ಒಂದು ಸಂಜೆ ಕೆಲಸ ಅನ್ಸಿತ್ತು. ಮೂರು ಸಂಜೆ ಹಿಡೀತು, ಎಂಟರಲ್ಲಿ ಮೂರು ಕಾರ್ಡ್ ಹಾಳಾದ್ವು, ಆ ಮೂರೂ ಹಾಳಾಗಿದ್ದು ಮೂರು ಬೇರೆ ಬೇರೆ ಕಾರಣಕ್ಕೆ ಅನ್ನೋದು ಇನ್ನೂ ಮಜ.

ಡಬ್ಬೀಲಿ ಏನಿದೆ ಅಂದ್ರೆ, ಎ5 ಸೈಜಿನ ಎಂಟು ಕಾರ್ಡ್ ಶೀಟ್, ಅಂದ್ರೆ 148 ಬೈ 210 ಮಿಲಿಮೀಟರ್, ಮಧ್ಯಕ್ಕೆ ಮಡಚಿದ್ರೆ ಎ6 ಕಾರ್ಡ್ ಆಗುತ್ತೆ. ಅದಕ್ಕೆ ತಕ್ಕ ಸಿ6 ಕವರ್ ಎಂಟು. ಟ್ರೀ, ಮನೆ, ಚರ್ಚು, ಹಿಮಸಾರಂಗ, ಗೋದಲಿ ಇವೆಲ್ಲ ಪ್ರಿಂಟಾಗಿ ಅಂಚಲ್ಲಿ ಅರ್ಧ ಕಟ್ ಆಗಿರೋ ಶೀಟ್‌ಗಳು, ಬೆರಳಲ್ಲಿ ಒತ್ತಿದ್ರೆ ಬಿಚ್ಚಿ ಬರುತ್ವೆ. ಒಂದು ಕಟ್ಟರ್, ಒಂದು ಬಾಟ್ಲಿ ಬಿಳಿ ಗಮ್, ಚೌಕ ಚೌಕ ಫೋಮ್ ತುಂಡು, ಗ್ಲಿಟರ್, ಒಂದು ಬುಕ್‌ಲೆಟ್, ಮತ್ತೆ ಆ ಕಡ್ಡಿ. ಇಲ್ಲದೇ ಇರೋದು: ಕೆಳಗೆ ಹಾಸ್ಕೊಳ್ಳೋ ಕಟಿಂಗ್ ಮ್ಯಾಟ್, ಸ್ಟೀಲ್ ಸ್ಕೇಲ್, ಡಬಲ್ ಸೈಡ್ ಟೇಪ್. ಅಂದ್ರೆ ನಿಜವಾಗ್ಲೂ ಬೇಕಾಗೋ ಮೂರು ಸಾಮಾನು ಬಿಟ್ಟು ಗ್ಲಿಟರ್ ತುಂಬಿದಾರೆ! ಡಬ್ಬಿ ಮೇಲೆ 6+ ವಯಸ್ಸು ಅಂತ ಬೇರೆ ಪ್ರಿಂಟ್ ಹಾಕಿ ಒಳಗೆ ಬ್ಲೇಡ್ ಇಟ್ಟಿದಾರೆ, ಯಾರ ತಲೆಯೋ ಏನೋ.

ಈಗ ಕಡ್ಡಿ ವಿಷ್ಯ. ಬೋನ್ ಫೋಲ್ಡರ್ ಅಂತಾರೆ ಇದನ್ನ, ಮೊದ್ಲು ಮೂಳೇಲಿ ಮಾಡ್ತಿದ್ರಂತ ಆ ಹೆಸರು, ನಮ್ಮದು ಪ್ಲಾಸ್ಟಿಕ್. ನೋಡೋಕೆ ಮಕ್ಕಳ ಆಟದ ಚಾಕು ಥರ ಇರುತ್ತೆ, ಒಂದು ತುದಿ ಚೂಪು, ಒಂದು ದುಂಡು. ಮಡಿಕೆ ಬರಬೇಕಾದ ಕಡೆ ಸ್ಕೇಲ್ ಇಟ್ಟು ಚೂಪು ತುದಿಯಿಂದ ಒತ್ತಿ ಒಂದೇ ಒಂದು ಸಲ ಎಳೀಬೇಕು, ಕಾಗದ ಕತ್ತರಿಸಲ್ಲ, ಬರೀ ಅದುಮಿದ ಗೀರು ಬೀಳುತ್ತೆ, ಆಮೇಲೆ ಮಡಚಿದ್ರೆ ಕಾಗದ ತಾನಾಗೇ ಅಲ್ಲೇ ಬಾಗುತ್ತೆ, ಅತ್ತಿತ್ತ ಹೋಗಲ್ಲ. ನಂಬಿಕೆ ಇರಲಿಲ್ಲ ನನಗೆ. ಒಂದು ಹಸಿರು ಚೂರು ತಗೊಂಡು ಅರ್ಧ ಬರೀ ಉಗುರಲ್ಲಿ ಉಜ್ಜಿ ಮಡಚಿದೆ, ಇನ್ನರ್ಧ ಗೀರು ಹಾಕಿ ಮಡಚಿದೆ. ಉಗುರಿನ ಕಡೆ ಬಣ್ಣ ಒಡೆದು ಒಳಗಿನ ಬಿಳಿ ಕಾಣ್ತಿತ್ತು, ಗೆರೆ ಕೂಡ ಹಾವು ಹರಿದ ಹಾಗೆ. ಗೀರಿನ ಕಡೆ ಸ್ಕೇಲ್ ಇಟ್ಟ ಹಾಗೆ ನೇರ, ಬಣ್ಣ ಒಂಚೂರೂ ಬಿಟ್ಟಿಲ್ಲ. ದುಂಡು ತುದೀಲಿ ಮೇಲಿಂದ ಒಂದ್ಸಲ ಸವರಿದ್ರೆ ಮಡಿಕೆ ಮಲಗಿಬಿಡುತ್ತೆ. ಈ ಕಡ್ಡಿ ಇಲ್ಲದೆ ಇನ್ಮೇಲೆ ಕಾರ್ಡ್ ಮುಟ್ಟಲ್ಲ ನಾನು.

ಕಾಗದದ ಬಗ್ಗೆ ತಕರಾರಿದೆ. ಎಲ್ಲಾನೂ 250 ಜಿಎಸ್‌ಎಂ ಅಂತ ಡಬ್ಬೀಲಿ ಹೆಮ್ಮೆಯಿಂದ ಬರ್ಕೊಂಡಿದಾರೆ. ಗೊತ್ತಿಲ್ಲದೋರಿಗೆ, ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅಂತ, ಪ್ರಿಂಟರಿಗೆ ಹಾಕೋ ಮಾಮೂಲಿ ಕಾಗದ 70-80 ಇರುತ್ತೆ. ಹೊರಗಿನ ಕಾರ್ಡಿಗೆ 250 ಸರಿ, ಗಟ್ಟಿ ನಿಲ್ಲಬೇಕಲ್ಲ. ಆದ್ರೆ ಒಳಗೆ ಏಳೋ ತುಂಡುಗಳಿಗೂ ಅದೇ 250 ಹಾಕಿದಾರೆ, ಪದರದ ಮೇಲೆ ಪದರ ಬಂದು ಕಾರ್ಡ್ ಮುಚ್ಚಿದ್ರೆ ತಿಂದು ತೇಗಿದ ಹೊಟ್ಟೆ ಥರ ಉಬ್ಬಿ ಕೂರುತ್ತೆ. ಒಳಗಿನದಕ್ಕೆ 160ರ ಆಸುಪಾಸು ಇದ್ರೆ ಸಾಕಿತ್ತು. ನಾನು ಕೊನೆಗೆ ಚರ್ಚನ್ನ ಮನೇಲಿದ್ದ ತೆಳು ಡ್ರಾಯಿಂಗ್ ಶೀಟ್ ಮೇಲೆ ಟ್ರೇಸ್ ಮಾಡಿ ಹೊಸದಾಗಿ ಕತ್ತರಿಸಿದೆ, ಕಿಟ್ಟಿನ ಚರ್ಚಿಗಿಂತ ಚೆನ್ನಾಗಿ ಎದ್ದು ನಿಲ್ತು.

ಇನ್ನೊಂದು, ಕಾಗದಕ್ಕೂ ಮರದ ಥರ ಒಂದು ದಿಕ್ಕಿದೆ, ಮಷೀನಲ್ಲಿ ಕಾಗದ ಯಾವ ಕಡೆ ಓಡಿರುತ್ತೋ ನಾರು ಹೆಚ್ಚಾಗಿ ಆ ಕಡೆಗೇ ಮಲಗಿರುತ್ತೆ. ಆ ದಿಕ್ಕಿಗೆ ಸಮವಾಗಿ ಮಡಚಿದ್ರೆ ಬೆಣ್ಣೆ, ಅಡ್ಡ ಮಡಚಿದ್ರೆ ಗೊರಗೊರ. ಎರಡು ಕೈಲಿ ಹಿಡ್ಕೊಂಡು ಮಡಚದೇ ಮೆತ್ತಗೆ ಬಗ್ಗಿಸಿ ನೋಡಿ, ಮೊದ್ಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಯಾವ ಸಲ ಸುಲಭವಾಗಿ ಬಗ್ಗುತ್ತೋ, ಆಗ ಮಡಿಕೆ ಗೆರೆ ಬರೋ ದಿಕ್ಕೇ ನಾರಿನ ದಿಕ್ಕು. ನಮ್ಮ ಎಂಟೂ ಶೀಟಲ್ಲಿ ನಾರು ಅಡ್ಡಡ್ಡ! ಗೀರು ಹಾಕಿದ್ರಿಂದ ಬಚಾವ್, ಆದ್ರೂ ಎರಡು ಕಾರ್ಡ್ ಈಗ್ಲೂ ಟೇಬಲ್ ಮೇಲೆ ಬಾಯಿ ಬಿಟ್ಕೊಂಡೇ ಇರುತ್ವೆ, ಮೇಲೆ ಭಾರ ಹೇರಿ ರಾತ್ರಿಯೆಲ್ಲ ಇಟ್ರೂ ಅಷ್ಟೇ.

ಸರಿ, ಮೊದಲನೇ ಹಾಳು. ಬುಕ್‌ಲೆಟ್ಟಲ್ಲಿ ಟ್ರೀನ ಮಧ್ಯದ ಮಡಿಕೆಯಿಂದ ಇಷ್ಟು ದೂರ ಅಂಟಿಸಿ ಅಂತ ಗುರುತಿದೆ, ಯಾಕೆ ಅಷ್ಟೇ ದೂರ ಅಂತ ಒಂದಕ್ಷರ ಇಲ್ಲ. ನಮ್ಮ ಹುಡುಗಿಗೆ ಟ್ರೀ ಇನ್ನೂ ಮುಂದೆ ಇರಬೇಕು ಅನ್ಸಿತು, ನನಗೂ ಹೌದು ಅನ್ಸಿತು, 40 ಮಿಲಿಮೀಟರ್ ಮುಂದೆ ಅಂಟಿಸಿದ್ವಿ. ಟ್ರೀ ಎತ್ತರ 75. ತೆಗೆದಾಗ ಏನು ಚಂದ ಅಂತೀರಾ! ಮುಚ್ಚಿದೆ, ಎರಡು ಸೆಕೆಂಡಾದ್ಮೇಲೆ ಅವಳು, "ಮಾಮಾ, ಸ್ಟಾರ್ ಹೊರಗಡೆ ಇಣುಕ್ತಿದೆ" ಅಂದ್ಲು.

ಲೆಕ್ಕ ಆಮೇಲೆ ಹಾಕಿದೆ, ಬಹಳ ಸಿಂಪಲ್. ಕಾರ್ಡ್ ಮುಚ್ಚಿದಾಗ ನಿಂತಿದ್ದ ಟ್ರೀ ಹೊರ ಅಂಚಿನ ಕಡೆಗೆ ಮಲಗುತ್ತೆ, ಅಂದ್ರೆ ಮಡಿಕೆಯಿಂದ ಅದು ನಿಂತಿರೋ ದೂರ ಪ್ಲಸ್ ಅದರ ಎತ್ತರ, ಅಷ್ಟು ಜಾಗ ಬೇಕು. 40 ಪ್ಲಸ್ 75, 115. ನಮ್ಮ ಕಾರ್ಡ್ ಅಗಲ 105. ಹತ್ತು ಮಿಲಿಮೀಟರ್ ಹೊರಗೆ. ಪರವಾಗಿಲ್ಲ ಇಣುಕ್ಲಿ, ಕವರಿಗೆ ಹೋದ್ರೆ ಸಾಕು ಅಂತ ಹಾಕೋಕೆ ನೋಡಿದ್ರೆ ಸಿ6 ಕವರ್ 114 ಬೈ 162, ಒಂದೇ ಒಂದು ಮಿಲಿಮೀಟರಿಗೆ ಹೋಗ್ಲಿಲ್ಲ ರೀ. ಬಿಚ್ಚೋದು ಯಾವ ಕಾರ್ಡಾದ್ರೂ ಬಿಚ್ಚುತ್ತೆ, ನೆಟ್ಟಗೆ ಮುಚ್ಕೊಳ್ಳೋದೇ ಕಷ್ಟ, ಮತ್ತೆ ಬುಕ್‌ಲೆಟ್ಟಲ್ಲಿ ಇರೋ ಚಿತ್ರ ಅಷ್ಟೂ ಬಿಚ್ಚಿದ ಕಾರ್ಡಿಂದು. ಮಡಿಕೆಯಿಂದ ದೂರ, ಎತ್ತರ, ಆ ಎರಡು ಅಳತೆ ಕೂಡಿಸಿ ಕಾರ್ಡ್ ಅಗಲಕ್ಕಿಂತ ಒಂದೈದು ಮಿಲಿಮೀಟರ್ ಕಮ್ಮಿ ಬರೋ ಹಾಗೆ ನೋಡ್ಕೊಳ್ಳಿ ಅಂತ ಒಂದು ಸಾಲು ಬರೆದಿದ್ರೆ ಏನು ಗಂಟು ಹೋಗ್ತಿತ್ತು?

ಬುಕ್‌ಲೆಟ್ ಬೈಯೋಕೆ ಇನ್ನೊಂದು ಕಾರಣ, ಮಡಿಕೆ ಗೆರೆ ಎಲ್ಲಾ ಒಂದೇ ಥರ ಚುಕ್ಕಿ. ಒಳಕ್ಕೆ ಮಡಚೋದಕ್ಕೆ ಒಂದು ಥರ ಗೆರೆ, ಹೊರಕ್ಕೆ ಮಡಚೋದಕ್ಕೆ ಇನ್ನೊಂದು ಥರ ಗೆರೆ ಹಾಕೋದು ಒರಿಗಾಮಿ, ಅಂದ್ರೆ ಜಪಾನಿನ ಕಾಗದ ಮಡಚೋ ಕಲೆಯಿಂದ ಬಂದ ರೂಢಿ, ಇವರು ಅದನ್ನೂ ಬಿಟ್ಟಿದಾರೆ. ಹಿಮಸಾರಂಗದ ಕಾಲು ಯಾವ ಕಡೆ ಮಡಚೋದು ಅಂತ ಹತ್ತು ನಿಮಿಷ ತಲೆ ಕೆರ್ಕೊಂಡಿದೀನಿ.

ಎರಡನೇದು ಗಮ್. ಇದಕ್ಕೆ ಮೈನಸ್ ಸ್ಟಾರ್ ಕೊಡೋ ಹಾಗಿದ್ರೆ ಕೊಡ್ತಿದ್ದೆ. ನೀರು ನೀರು ಬಿಳಿ ಗಮ್, ಹಚ್ಚಿದ ಕಡೆ ಕಾಗದ ನೀರು ಕುಡಿದು ಅಲೆ ಅಲೆ ಏಳುತ್ತೆ. ಮನೆಯ ಟ್ಯಾಬಿಗೆ, ಅಂದ್ರೆ ಅಂಟಿಸೋಕೆ ಅಂತ ಅಂಚಲ್ಲಿ ಬಿಟ್ಟಿರೋ ಪಟ್ಟಿಗೆ ಹಚ್ಚಿ, ಚೆನ್ನಾಗಿ ಅಂಟ್ಲಿ ಅಂತ ಕಾರ್ಡ್ ಮುಚ್ಚಿ ಮೇಲೆ ದಪ್ಪ ಡಿಕ್ಷನರಿ ಇಟ್ಟು ಮಲಗಿದ್ವಿ. ಬೆಳಗ್ಗೆ ನೋಡಿದ್ರೆ ಪಕ್ಕದಿಂದ ಹೊರಗೆ ಬಂದ ಗಮ್ಮು ಮನೆಯ ಛಾವಣಿನ ಎದುರು ಪುಟಕ್ಕೆ ಸೇರಿಸಿ ಅಂಟಿಸ್ಬಿಟ್ಟಿದೆ. ಮೆಲ್ಲಗೆ ಬಿಡಿಸೋಕೆ ಹೋದೆ, ಚರ್ರ್ ಅಂತು, ಹಿಮ ಬಿದ್ದ ಛಾವಣಿ ಅರ್ಧ ಇಲ್ಲಿ ಅರ್ಧ ಅಲ್ಲಿ. ಅವಳು ಅಳಲಿಲ್ಲ, ಅದೊಂದು ಪುಣ್ಯ, ಆದ್ರೆ ನನ್ನ ಮುಖ ನೋಡಿದ ರೀತಿ ಇದ್ಯಲ್ಲ.

ಅವತ್ತೇ ಡಬಲ್ ಸೈಡ್ ಟೇಪ್ ತಂದೆ, ಅಲ್ಲಿಂದ ಮುಂದೆ ಆಟವೇ ಬೇರೆ. ಚರ್ಚಿನದು ವಿ ಆಕಾರದ ಮಡಿಕೆ, ಮಧ್ಯದ ಮಡಿಕೆಯ ಆಚೆಗೊಂದು ಈಚೆಗೊಂದು ಟ್ಯಾಬ್ ಓರೆಯಾಗಿ ಕೂರಬೇಕು, ಎರಡೂ ಕಡೆ ಕೋನ ಒಂದೇ ಇರಬೇಕು, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಚರ್ಚು ವಾಲುತ್ತೆ ಅಥವಾ ಮುಚ್ಚುವಾಗ ಸುಕ್ಕಾಗುತ್ತೆ. ಅಳೆದು ಅಳೆದು ಸಾಕಾಯ್ತು. ಆಮೇಲೆ ಹೊಳೀತು. ಒಂದು ಟ್ಯಾಬ್ ಮಾತ್ರ ಸರಿಯಾಗಿ ಅಂಟಿಸಿ, ಚರ್ಚನ್ನ ಮಧ್ಯಕ್ಕೆ ಮಡಚಿ ಅದೇ ಪುಟದ ಮೇಲೆ ಮಲಗಿಸಿ, ಮೇಲೆ ಬಂದಿರೋ ಇನ್ನೊಂದು ಟ್ಯಾಬಿನ ಟೇಪಿನ ಕಾಗದ ಸುಲಿದು, ಏನೂ ಮುಟ್ಟದೆ ಕಾರ್ಡ್ ಮುಚ್ಚಿ ಒತ್ತಿದ್ರೆ ಆಯ್ತು. ಎದುರು ಪುಟ ತಾನಾಗೇ ಬಂದು ಎಲ್ಲಿ ಅಂಟಬೇಕೋ ಅಲ್ಲೇ ಅಂಟುತ್ತೆ, ಅಳತೆ ಬೇಡ, ಕೋನ ಬೇಡ. ತೆಗೆದ್ರೆ ಚರ್ಚು ನೆಟ್ಟಗೆ, ಗೋಪುರ ಮಧ್ಯದ ಗೆರೆ ಮೇಲೇ. ಅವಳು ಹನ್ನೆರಡು ಸಲ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದ್ಲು, ಎಣಿಸಿದೀನಿ.

ಮೂರನೇದು ನನ್ನ ಕೈತಪ್ಪು, ಆದ್ರೂ ಮ್ಯಾಟ್ ಕೊಡದೇ ಇದ್ದಿದ್ದಕ್ಕೆ ಅರ್ಧ ಪಾಪ ಕಂಪನಿಗೆ. ಬುಕ್‌ಲೆಟ್ ಕೊನೇಲಿ ಬರೀ ಬಿಳಿ ಕಾಗದದ ಒಂದು ಡಿಸೈನ್ ಇದೆ, ಒಂದೇ ಶೀಟು, ಅಂಟಿಲ್ಲ, ಬಣ್ಣ ಇಲ್ಲ, ಅಲ್ಲಲ್ಲಿ ಸೀಳಿ ಮಡಚಿದ್ರೆ ಮೆಟ್ಟಿಲು ಮೆಟ್ಟಿಲಾಗಿ ಟ್ರೀ ಮುಂದಕ್ಕೆ ಬರುತ್ತೆ. ಈ ವಿದ್ಯೆಗೆ 1980ರ ದಶಕದಲ್ಲಿ ಹೆಸರು ತಂದವರು ಜಪಾನಿನ ಆರ್ಕಿಟೆಕ್ಟ್ ಮಸಾಹಿರೋ ಚಟಾನಿ, ಕಟ್ಟಡಗಳನ್ನೇ ಹೀಗೆ ಒಂದು ಹಾಳೆಯಿಂದ ಎಬ್ಬಿಸ್ತಿದ್ರು. ಕಿಟ್ಟಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಕೆಳಗೆ ಹಳೇ ರಟ್ಟಿಟ್ಟು ಕತ್ತರಿಸ್ತಿದ್ದೆ, ಕೊನೇ ಸೀಳಿಗೆ ಬರೋ ಹೊತ್ತಿಗೆ ಬ್ಲೇಡು ರಟ್ಟಲ್ಲಿ ಮೊದ್ಲೇ ಬಿದ್ದಿದ್ದ ಗೀರಿಗೆ ಇಳಿದು ಅದರ ದಾರಿ ಹಿಡ್ಕೊಂಡು ಹೋಯ್ತು, ಎರಡು ಮೆಟ್ಟಿಲು ಕಟ್. ಕಟಿಂಗ್ ಮ್ಯಾಟಲ್ಲಿ ಗೀರು ಮುಚ್ಕೊಳ್ಳುತ್ತೆ, ರಟ್ಟಲ್ಲಿ ಮುಚ್ಕೊಳ್ಳಲ್ಲ, ಅಷ್ಟೇ ವ್ಯತ್ಯಾಸ. ಈ ಡಿಸೈನ್ ಮಾಡೋದಾದ್ರೆ ಕಟ್ಟರ್ ಕೆಲಸ ದೊಡ್ಡವರೇ ಮಾಡಿ, ಸ್ಟೀಲ್ ಸ್ಕೇಲ್ ಇಟ್ಟು, ಒಂದೇ ಏಟಿಗೆ ಕತ್ತರಿಸೋಕೆ ಹೋಗದೆ ಹಗುರವಾಗಿ ಎರಡು ಮೂರು ಸಲ ಎಳೀರಿ.

ಗ್ಲಿಟರ್ ಬಗ್ಗೆ ಏನೂ ಹೇಳಲ್ಲ, ನನ್ನ ಲ್ಯಾಪ್‌ಟಾಪ್ ಕೀ ಸಂದೀಲಿ ಈಗ್ಲೂ ಮಿನುಗ್ತಿದೆ. ಫೋಮ್ ತುಂಡು ಹೊರಗಿನ ಮುಖಕ್ಕೆ ಮಾತ್ರ ಹಾಕಿ, ಒಳಗೆ ಹಾಕಿದ್ರೆ ಕಾರ್ಡ್ ಮುಚ್ಚಲ್ಲ.

ಮೊದಲ ಕಮರ್ಶಿಯಲ್ ಕ್ರಿಸ್‌ಮಸ್ ಕಾರ್ಡ್ 1843ರದ್ದು, ಲಂಡನ್ನಿನ ಹೆನ್ರಿ ಕೋಲ್ ಅನ್ನೋರು ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಕೈಲಿ ಬರೆಸಿದ್ದು. ಒಬ್ಬೊಬ್ಬರಿಗೂ ಕೂತು ಕಾಗದ ಬರೆಯೋಕೆ ಪುರುಸೊತ್ತಿಲ್ಲ ಅಂತ ಪ್ರಿಂಟ್ ಹಾಕಿಸಿದ್ರು ಅಂತ ಓದಿದೀನಿ. ಅವರು ಟೈಮ್ ಉಳಿಸೋಕೆ ಶುರು ಮಾಡಿದ್ದನ್ನ ನಾವು ಮೂರು ಸಂಜೆ ಕೂತು ಮಾಡ್ತಿದೀವಿ ಅಂತ ಅಕ್ಕನ ಹತ್ರ ಹೇಳ್ದೆ. "ನೀನು ಮಾಡಿದ್ದೇನು, ಮೂರು ಹಾಳು ಮಾಡಿದೀಯ ಅಷ್ಟೇ" ಅಂದ್ಲು.

ತಗೋಬೇಕಾ ಅಂತ ಕೇಳಿದ್ರೆ, ಮೊದಲ ಸಲ ಮಾಡೋರು ತಗೊಳ್ಳಿ, ತಪ್ಪೇನಿಲ್ಲ. ಕಡ್ಡಿ ಚೆನ್ನಾಗಿದೆ, ಚಿತ್ರಗಳು ಚೆನ್ನಾಗಿವೆ, ಗೋದಲಿಯ ಕುರಿಮರಿ ಅಂತೂ ಬಹಳ ಮುದ್ದು. ಜೊತೆಗೆ ಟೇಪ್, ಮ್ಯಾಟ್, ಸ್ಟೀಲ್ ಸ್ಕೇಲ್ ತಗೊಂಡೇ ಕೂತ್ಕೊಳ್ಳಿ, ಗಮ್ ಬಾಟ್ಲಿ ಮುಚ್ಚಳ ತೆಗೀಬೇಡಿ. ಎರಡನೇ ಸಲಕ್ಕೆ ಈ ಡಬ್ಬಿ ಬೇಕಾಗಲ್ಲ, ಎರಡು ಬೇರೆ ಬೇರೆ ದಪ್ಪದ ಕಾಗದ ತಂದ್ರೆ ಮುಗೀತು. ಆದ್ರೆ ಅದಕ್ಕೆ ಒಂದು ಕೆಲಸ ಮೊದ್ಲೇ ಮಾಡಿ, ಶೀಟಿಂದ ತುಂಡುಗಳನ್ನ ಬಿಚ್ಚೋಕೆ ಮುಂಚೆ ಎಲ್ಲಾನೂ ರಟ್ಟಿನ ಮೇಲೆ ಟ್ರೇಸ್ ಮಾಡ್ಕೊಂಡು ಅಳತೆ ಬರೆದಿಟ್ಕೊಳ್ಳಿ. ನಾನು ಮಾಡ್ಲಿಲ್ಲ, ಈಗ ನನ್ನ ಹತ್ರ ಉಳಿದಿರೋ ಅಚ್ಚು ಚರ್ಚಿಂದು ಒಂದೇ.