ಚೆನ್ನೈ ವಿಮಾನ ನಿಲ್ದಾಣದಿಂದ ಎಗ್ಮೋರ್‌ಗೆ: ಲೋಕಲ್ ರೈಲು, ಮೆಟ್ರೊ, ಬಸ್ ಮೂರನ್ನೂ ಹತ್ತಿ ನೋಡಿದ್ದು

ಒಂದೇ ವರ್ಷದಲ್ಲಿ ಮೂರು ಸಲ ಮಂಗಳೂರಿನಿಂದ ಚೆನ್ನೈಗೆ ಹೋಗಬೇಕಾಯಿತು. ಅಮ್ಮನಿಗೆ ಗ್ಲಾಕೋಮಾ. ತೋರಿಸುವುದು ಚೆನ್ನೈನ ಕಣ್ಣಿನ ಆಸ್ಪತ್ರೆಯಲ್ಲಿ. ರೈಲು ಇದೆ, ಆದರೆ ಒಂದು ರಾತ್ರಿ ಪೂರ್ತಿ ಅದರಲ್ಲೇ ಕಳೆಯಬೇಕು. ಅಮ್ಮನ ಬೆನ್ನು ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಮೊದಲೇ ನೋಡಿಟ್ಟು ಕಡಿಮೆ ದರದ ವಿಮಾನ ಟಿಕೆಟ್ ಮಾಡುತ್ತೇನೆ. ಅಷ್ಟು ಕಷ್ಟಪಟ್ಟು ಉಳಿಸಿದ ದುಡ್ಡನ್ನು ಇಳಿದ ಮೇಲೆ ಟ್ಯಾಕ್ಸಿಗೆ ಸುರಿಯಲು ಮನಸ್ಸು ಬರುವುದಿಲ್ಲ, ಅಲ್ವಾ? ಮೊದಲ ಸಲ ಹೊರಗೆ ಕಾಲಿಟ್ಟ ಕೂಡಲೇ ಒಬ್ಬ ಚಾಲಕ ಊರ ನಡುವಿನ ಎಗ್ಮೋರ್‌ಗೆ 900 ರೂಪಾಯಿ ಕೇಳಿದ. ಮೊಬೈಲಿನಲ್ಲಿ ನೋಡಿದರೆ ಅದಕ್ಕಿಂತ ಕಡಿಮೆ ಇತ್ತು, ಆದರೂ ಐನೂರರ ಮೇಲೆಯೇ. ಅವತ್ತೇ ನಿರ್ಧಾರ ಮಾಡಿದೆ, ಸರ್ಕಾರಿ ಸಾರಿಗೆಯಲ್ಲೇ ಹೋಗುವುದು ಅಂತ.

ಚೆನ್ನೈನಲ್ಲಿ ಇದು ಸಾಧ್ಯವಾಗುವುದಕ್ಕೆ ಕಾರಣ ಇದೆ. ವಿಮಾನ ನಿಲ್ದಾಣ ಊರ ಹೊರಗೆಲ್ಲೋ ಇಲ್ಲ. ಮೀನಂಬಾಕ್ಕಂ, ತಿರುಸೂಲಂ ಅನ್ನುವ ಜಾಗಗಳಿಗೆ ಅಂಟಿಕೊಂಡೇ ಇದೆ. ಎದುರಿಗೆ ಜಿಎಸ್‌ಟಿ (ಗ್ರ್ಯಾಂಡ್ ಸದರ್ನ್ ಟ್ರಂಕ್) ರಸ್ತೆ. ರಸ್ತೆಯ ಆಚೆ ಲೋಕಲ್ ರೈಲಿನ ಹಳಿ, ಈಚೆ ಮೆಟ್ರೊ, ನಡುವೆ ಬಸ್ಸುಗಳು. ಮೂರೂ ನಡೆದು ಹೋಗುವಷ್ಟು ಹತ್ತಿರ. ಬೆಂಗಳೂರಿನಲ್ಲಿ ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬರುವ ದೂರದ ಅರ್ಧದಷ್ಟೂ ಇಲ್ಲಿ ಆಗುವುದಿಲ್ಲ.

ನಾನು ಉಳಿಯುವುದು ಎಗ್ಮೋರ್ ರೈಲು ನಿಲ್ದಾಣದ ಎದುರಿನ ಕೆನ್ನೆಟ್ ಲೇನಿನಲ್ಲಿ. ಸಣ್ಣ ಬೀದಿ, ಸಾಲಾಗಿ ಲಾಡ್ಜುಗಳು, ಕೆಳಗೆ ಇಡ್ಲಿ ಸಿಗುವ ಹೋಟೆಲುಗಳು. ಮೂರು ಸಲ ಓಡಾಡಿದ ಮೇಲೆ ನನಗೆ ಖಚಿತವಾದ ಮಾತು ಹೇಳುತ್ತೇನೆ: ರೂಮು ಎಲ್ಲಿ ಮಾಡುತ್ತೀರಿ ಅನ್ನುವುದರ ಮೇಲೆ ನಿಮ್ಮ ಪ್ರಯಾಣದ ಖರ್ಚು ನಿಂತಿದೆ. ಎಗ್ಮೋರ್‌ನಲ್ಲಿ ಲೋಕಲ್ ರೈಲೂ ನಿಲ್ಲುತ್ತದೆ, ಮೆಟ್ರೊ ಕೂಡ ನಿಲ್ಲುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿದೆ. ಇನ್ನೂರು ರೂಪಾಯಿ ಕಡಿಮೆ ಅಂತ ಎರಡೂ ತಲುಪದ ಕಡೆ ರೂಮು ಹಿಡಿದರೆ ಆ ಇನ್ನೂರು ಆಟೋಗೆ ಹೋಗುತ್ತದೆ, ಜೊತೆಗೆ ಚೌಕಾಸಿಯ ತಲೆನೋವು ಬೇರೆ.

ಮೊದಲ ಸಲ ನಾನೊಬ್ಬನೇ ಹೋಗಿದ್ದೆ, ರಿಪೋರ್ಟು ತೋರಿಸಿ ದಿನ ಗೊತ್ತುಮಾಡಿಕೊಂಡು ಬರಲು. ಹೆಗಲಿಗೊಂದು ಚೀಲ ಅಷ್ಟೆ. ಲೋಕಲ್ ರೈಲು ಹಿಡಿಯಲು ತಿರುಸೂಲಂ ಸ್ಟೇಷನ್ನಿಗೆ ಹೋಗಬೇಕು. ಟರ್ಮಿನಲ್ಲಿನಿಂದ ಹೊರಗೆ ನಡೆದು ಬಂದು ಜಿಎಸ್‌ಟಿ ರಸ್ತೆ ತಲುಪಿದೆ. ವಾಹನಗಳ ಹೊಳೆ ಅದು, ಮೇಲಿಂದ ದಾಟುವ ಮಾತೇ ಇಲ್ಲ. ಹಣ್ಣು ಮಾರುತ್ತಿದ್ದ ಅಜ್ಜಿಯೊಬ್ಬರ ಹತ್ತಿರ ದಾರಿ ಕೇಳಿದೆ. ನನಗೆ ತಮಿಳು ಬರುವುದಿಲ್ಲ. ‘ಸುರಂಗ? ಸುರಂಗ?’ ಅಂದೆ. ಅವರ ಮುಖ ಅರಳಿತು. ‘ಸುರಂಗಪ್ಪಾದೈ!’ ಅಂತ ಕೈ ತೋರಿಸಿದರು. ನಮ್ಮ ಸುರಂಗವೇ ಅವರ ಸುರಂಗ. ಆ ಒಂದು ಪದದಿಂದ ಅವತ್ತು ನನಗೆ ಊರು ಅರ್ಧ ನನ್ನದಾದ ಹಾಗೆ ಅನಿಸಿತು. ರಸ್ತೆಯ ಅಡಿಯಲ್ಲಿ ಹಾದುಹೋಗುವ ಆ ದಾರಿಯಲ್ಲಿ ಇಳಿದು ಹತ್ತಿದರೆ ಆಚೆ ಕಡೆ ಸ್ಟೇಷನ್ನು.

ಟಿಕೆಟ್ ಹತ್ತು ರೂಪಾಯಿಯೊಳಗೇ ಮುಗಿಯಿತು. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಅಷ್ಟಕ್ಕೆ ಒಂದು ಲೋಟ ಚಹಾ ಬರುವುದಿಲ್ಲ. ಕೌಂಟರಿನಲ್ಲಿ ಸಾಲು ಉದ್ದ ಇದ್ದರೆ ಪಕ್ಕದಲ್ಲೇ ಟಿಕೆಟ್ ಯಂತ್ರ ಇರುತ್ತದೆ, ಅದನ್ನು ನೋಡಿ. ಗಮನಿಸಬೇಕಾದ್ದು ಒಂದೇ: ‘ಬೀಚ್’ (ಊರೊಳಗೆ ಈ ಮಾರ್ಗದ ಕೊನೆಯ ಸ್ಟೇಷನ್) ಕಡೆಗೆ ಹೋಗುವ ರೈಲು ಹತ್ತಬೇಕು. ತಾಂಬರಂ, ಚೆಂಗಲ್‌ಪಟ್ಟು ಅಂತ ಇದ್ದರೆ ಅದು ಊರಿನಿಂದ ಹೊರಗೆ ಹೋಗುವ ರೈಲು. ಇನ್ನೊಂದು ವಿಷಯ. ಎಗ್ಮೋರ್‌ಗೆ ತಮಿಳಿನಲ್ಲಿ ಎಳುಂಬೂರ್ ಅನ್ನುತ್ತಾರೆ. ರೈಲಿನಲ್ಲಿ ಘೋಷಣೆ ಆದಾಗ ಆ ಹೆಸರಿಗೂ ಕಿವಿ ಕೊಡಿ.

ಈ ಮಾರ್ಗದ ಮೇಲೆ ನನಗೆ ತುಂಬಾ ಅಭಿಮಾನ. ಬೀಚ್‌ನಿಂದ ತಾಂಬರಂವರೆಗೆ 1931ರಿಂದಲೇ ವಿದ್ಯುತ್ ರೈಲು ಓಡುತ್ತಿದೆ. ಸುಮಾರು ತೊಂಬತ್ತೈದು ವರ್ಷ. ಆಫೀಸಿಗೆ ಹೋಗುವವರು, ಹೂವಿನ ಬುಟ್ಟಿ ಹಿಡಿದವರು, ಕಾಲೇಜು ಮಕ್ಕಳು, ಎಲ್ಲರೂ ಅದರಲ್ಲೇ. ಬಾಗಿಲ ಹತ್ತಿರ ನಿಂತರೆ ಗಾಳಿ ಮುಖಕ್ಕೆ ಬಡಿಯುತ್ತದೆ. ಪಳವಂತಾಂಗಲ್, ಸೇಂಟ್ ಥಾಮಸ್ ಮೌಂಟ್, ಗಿಂಡಿ, ಸೈದಾಪೇಟೆ, ಮಾಂಬಲಂ, ಕೋಡಂಬಾಕ್ಕಂ, ನುಂಗಂಬಾಕ್ಕಂ, ಚೇಟ್‌ಪೇಟ್, ಆಮೇಲೆ ಎಗ್ಮೋರ್. ಎಲ್ಲೂ ಇಳಿದು ಬದಲಾಯಿಸುವ ಗೊಡವೆ ಇಲ್ಲ. ರೈಲು ಹತ್ತಿ ಮುಕ್ಕಾಲು ಗಂಟೆಯೊಳಗೆ ನಾನು ಎಗ್ಮೋರ್‌ನಲ್ಲಿದ್ದೆ. ಅಲ್ಲಿ ಲೋಕಲ್ ಪ್ಲಾಟ್‌ಫಾರ್ಮಿನಿಂದ ಮೇಲ್ಸೇತುವೆ ಹತ್ತಿ ಇಳಿದು ಮುಂಭಾಗಕ್ಕೆ ಬರಬೇಕು. ಎದುರಿಗೇ ಕೆನ್ನೆಟ್ ಲೇನ್.

ಆದರೆ ಅವತ್ತು ನಾನು ಇಳಿದದ್ದು ಮಧ್ಯಾಹ್ನ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಇದೇ ರೈಲು ಬೇರೆಯೇ ಕಥೆ. ಆಸ್ಪತ್ರೆಯ ಕೆಲಸ ಮುಗಿಸಿ ಮರುದಿನ ಬೆಳಿಗ್ಗೆ ಮಾಂಬಲಂನಲ್ಲಿ ನಿಂತು ನೋಡಿದೆ. ಬೀಚ್ ಕಡೆಗೆ ಹೋಗುವ ಗಾಡಿಯಲ್ಲಿ ಬಾಗಿಲು ಕಾಣದಷ್ಟು ಜನ. ದೊಡ್ಡ ಸೂಟ್‌ಕೇಸ್ ಇದ್ದವರು ಆ ಹೊತ್ತಿನಲ್ಲಿ ಹತ್ತುವ ಯೋಚನೆಯನ್ನೇ ಮಾಡಬೇಡಿ. 2025ರ ಏಪ್ರಿಲ್‌ನಿಂದ ಈ ಮಾರ್ಗದಲ್ಲಿ ಎಸಿ ಲೋಕಲ್ ಕೂಡ ಓಡುತ್ತಿದೆ. ಕನಿಷ್ಠ ದರ 35 ರೂಪಾಯಿ. ಆದರೆ ಅಂಥ ರೈಲುಗಳು ದಿನಕ್ಕೆ ಕೆಲವೇ. ಅದಕ್ಕಾಗಿ ಕಾಯುವುದಕ್ಕಿಂತ ಮೆಟ್ರೊಗೆ ಹೋಗುವುದೇ ಮೇಲು.

ಎರಡನೇ ಸಲ ಅಮ್ಮ ಜೊತೆಗಿದ್ದರು. ಲೋಕಲ್ ರೈಲಿನ ಖುಷಿ ನನ್ನ ತಲೆಯಲ್ಲಿ ಇನ್ನೂ ಇತ್ತು. ‘ಹತ್ತು ರೂಪಾಯಿಗೆ ಹೋಗಬಹುದು ಅಮ್ಮ’ ಅಂತ ವಿಮಾನದಲ್ಲೇ ಹೇಳಿದ್ದೆ. ಆದರೆ ಇಳಿದ ಮೇಲೆ ಅವರು ನಡೆಯುವುದನ್ನು ಹಿಂದಿನಿಂದ ನೋಡಿದೆ. ಬಲಗೈ ನನ್ನ ಮೊಣಕೈ ಮೇಲೆ. ನೆಲದ ಬಣ್ಣ ಬದಲಾದ ಕಡೆಯಲ್ಲೆಲ್ಲ ಅದು ಮೆಟ್ಟಿಲೋ ಸಮನೆಲವೋ ಅಂತ ಕಾಲಿನ ತುದಿಯಿಂದ ತಡವಿ ನೋಡುತ್ತಿದ್ದರು. ಗ್ಲಾಕೋಮಾದಲ್ಲಿ ನೇರಕ್ಕೆ ಕಾಣುತ್ತದೆ, ಬದಿಯ ನೋಟ ಮೊದಲು ಹೋಗುತ್ತದೆ. ಅವರಿಗೆ ಕಾಲ ಕೆಳಗಿನದ್ದೇ ಕಾಣುವುದು ಕಷ್ಟ. ನಾನು ತಿರುಸೂಲಂಗೆ ಹೋದ ದಾರಿಯ ಮೆಟ್ಟಿಲುಗಳೆಲ್ಲ ಒಂದೊಂದಾಗಿ ನೆನಪಾದವು. ಸುರಂಗಕ್ಕೆ ಇಳಿಯುವುದು, ಹತ್ತುವುದು, ಎಗ್ಮೋರ್‌ನಲ್ಲಿ ಮತ್ತೆ ಹತ್ತಿ ಇಳಿಯುವುದು. ಸುಮ್ನೆ ಮೆಟ್ರೊ ಕಡೆ ತಿರುಗಿದೆ.

ಮೆಟ್ರೊ ಸ್ಟೇಷನ್ ವಿಮಾನ ನಿಲ್ದಾಣಕ್ಕೆ ಸೇರಿದ ಹಾಗೇ ಇದೆ. ಮೇಲಿನ ನಡಿಗೆ ದಾರಿಯಲ್ಲಿ ಮಳೆ, ಬಿಸಿಲು ತಾಗದೆ ಹೋಗಬಹುದು. ಲಿಫ್ಟ್ ಇದೆ, ಎಸ್ಕಲೇಟರ್ ಇದೆ. ಎಗ್ಮೋರ್‌ನ ಪಕ್ಕದ ಸ್ಟೇಷನ್ ಸೆಂಟ್ರಲ್‌ವರೆಗೆ ತಲಾ 40 ರೂಪಾಯಿ. ಈ ಮೆಟ್ರೊದಲ್ಲಿ ಗರಿಷ್ಠ ದರವೇ 50. ಮೊದಲು 70 ಇತ್ತು, 2021ರಲ್ಲಿ ಇಳಿಸಿದರು. ಮೊಬೈಲಿನಲ್ಲಿ ಕ್ಯೂಆರ್ ಟಿಕೆಟ್ ತೆಗೆದರೆ ಇನ್ನೂ ಶೇಕಡಾ 20 ಕಡಿಮೆ. ಅಂದರೆ ಇಬ್ಬರಿಗೆ 64 ರೂಪಾಯಿ. ಬ್ಯಾಗು ಎಕ್ಸ್‌ರೇ ಯಂತ್ರದಲ್ಲಿ ಹಾಕಿ ತೆಗೆಯಬೇಕು, ಅಷ್ಟೇ ಕೆಲಸ.

ಇಲ್ಲಿನ ದೊಡ್ಡ ಅನುಕೂಲ ಏನು ಗೊತ್ತಾ? ನೀಲಿ ಮಾರ್ಗ ಶುರುವಾಗುವುದೇ ವಿಮಾನ ನಿಲ್ದಾಣದಿಂದ. ರೈಲು ಖಾಲಿ ಇರುತ್ತದೆ. ಯಾವ ಹೊತ್ತಿಗೆ ಹೋದರೂ ಕೂರಲು ಜಾಗ ಸಿಗುತ್ತದೆ. ಆಮೇಲೆ ಗಿಂಡಿಯಲ್ಲಿ, ತೇನಾಂಪೇಟೆಯಲ್ಲಿ ಜನ ತುಂಬಿಕೊಂಡರೂ ಅಮ್ಮ ಕಿಟಕಿ ಪಕ್ಕ ಹಾಯಾಗಿ ಕೂತಿದ್ದರು. ಸೈದಾಪೇಟೆಗೆ ಮುಂಚೆ ರೈಲು ನೆಲದೊಳಗೆ ಇಳಿಯುತ್ತದೆ. ಅಲ್ಲಿಯವರೆಗೆ ಹೊರಗಿನದ್ದು ಕಂಡಷ್ಟು ನೋಡುತ್ತಾ, ‘ಅದು ಗುಡ್ಡವಾ?’ ಅಂತ ಕೇಳುತ್ತಿದ್ದರು. ಅದು ಸೇಂಟ್ ಥಾಮಸ್ ಮೌಂಟ್.

ಎಗ್ಮೋರ್ ಇರುವುದು ಹಸಿರು ಮಾರ್ಗದಲ್ಲಿ. ಹಾಗಾಗಿ ನಾವು ಒಂದು ಕಡೆ ರೈಲು ಬದಲಾಯಿಸಬೇಕಾಯಿತು. ಆಲಂದೂರಿನಲ್ಲಿ ಬದಲಾಯಿಸಿ ಕೋಯಂಬೇಡು ಮೇಲೆ ಸುತ್ತಿ ಬರಬಹುದು, ಇಲ್ಲವೇ ಸೆಂಟ್ರಲ್‌ವರೆಗೆ ಹೋಗಿ ಅಲ್ಲಿಂದ ಒಂದೇ ಸ್ಟೇಷನ್ ಹಿಂದೆ ಬರಬಹುದು. ನನ್ನ ಆಯ್ಕೆ ಸೆಂಟ್ರಲ್. ಆಲಂದೂರಿನಲ್ಲಿ ಎದ್ದರೆ ಸಿಕ್ಕ ಸೀಟು ಬಿಟ್ಟ ಹಾಗೆ. ಮುಂದಿನ ರೈಲಿನಲ್ಲಿ ಸಿಗುತ್ತದೋ ಇಲ್ಲವೋ. ಸೆಂಟ್ರಲ್‌ವರೆಗೆ ಕೂತೇ ಹೋದರೆ ಆಮೇಲೆ ಎರಡು ನಿಮಿಷ ನಿಂತರೂ ಪರವಾಗಿಲ್ಲ. ಸೆಂಟ್ರಲ್ ಸ್ಟೇಷನ್ ದೊಡ್ಡದು, ಲಿಫ್ಟ್ ಹುಡುಕಲು ಸ್ವಲ್ಪ ನಡೆಯಬೇಕು. ಒಟ್ಟು ಒಂದು ಗಂಟೆ ಹಿಡಿಯಿತು. ಲೋಕಲ್‌ಗಿಂತ ಸ್ವಲ್ಪ ಜಾಸ್ತಿಯೇ. ಆದರೆ ಟರ್ಮಿನಲ್ಲಿನಿಂದ ಎಗ್ಮೋರ್ ರಸ್ತೆಗೆ ಬರುವವರೆಗೆ ಅಮ್ಮ ಒಂದೇ ಒಂದು ಉದ್ದದ ಮೆಟ್ಟಿಲು ಸಾಲನ್ನೂ ಹತ್ತಲಿಲ್ಲ. ಹೊರಗೆ ಬಂದು ಸೆರಗಿನಿಂದ ಕನ್ನಡಕ ಒರೆಸಿಕೊಂಡು, ‘ಇನ್ನು ಮೇಲೆ ಇದರಲ್ಲೇ ಬರುವ ಮಗಾ’ ಅಂದರು. ಮೂವತ್ತು ರೂಪಾಯಿಯ ವ್ಯತ್ಯಾಸದ ಲೆಕ್ಕ ನನಗೆ ಅಲ್ಲಿಗೇ ಮುಗಿಯಿತು.

ಮೂರನೇ ಸಲ ಅಕ್ಕ ಬಂದಳು. ಗ್ಲಾಕೋಮಾ ಮನೆಯವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೂ ಬರುವ ಸಾಧ್ಯತೆ ಜಾಸ್ತಿ. ಅದಕ್ಕೆ ಮಕ್ಕಳೂ ತೋರಿಸಿಕೊಳ್ಳಿ ಅಂದಿದ್ದರು ಡಾಕ್ಟರ್. (ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ನೀವೂ ತೋರಿಸಿಕೊಳ್ಳಿ. ನೋವಿಲ್ಲದೆ ಕದ್ದು ಬರುವ ಕಾಯಿಲೆ ಅದು.) ಇಬ್ಬರ ಹತ್ತಿರವೂ ಸಣ್ಣ ಚೀಲ ಇತ್ತು. ಈ ಸಲ ಬಸ್ಸನ್ನೂ ನೋಡಿಬಿಡೋಣ ಅಂದೆ.

ಜಿಎಸ್‌ಟಿ ರಸ್ತೆಯ ನಿಲ್ದಾಣದಲ್ಲಿ ಬಸ್ಸುಗಳಿಗೆ ಬರವಿಲ್ಲ. ತಾಂಬರಂ ಕಡೆಯಿಂದ ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಕಷ್ಟ ಇರುವುದು ಬೋರ್ಡಿನಲ್ಲಿ. ಊರಿನ ಹೆಸರು ಓದಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟೇಬಿಡುತ್ತದೆ. ನಂಬರ್ ಗೊತ್ತಿದ್ದರೆ ಬಚಾವ್. ಎಗ್ಮೋರ್‌ಗೆ ನೇರವಾಗಿ ಹೋಗುವ ಬಸ್ಸು ಅವತ್ತು ನಮಗೆ ಸಿಗಲಿಲ್ಲ. ಬ್ರಾಡ್‌ವೇ ಕಡೆ ಹೋಗುವ 21ಜಿ ಬಂತು, ಹತ್ತಿದೆವು.

ಕಂಡಕ್ಟರ್ ನನಗೆ ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟರು. ಅಕ್ಕ ಪರ್ಸ್ ತೆಗೆದರೆ ಬೇಡ ಅಂತ ಕೈಯಾಡಿಸಿ ಉಚಿತ ಟಿಕೆಟ್ ಹರಿದುಕೊಟ್ಟರು. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿನಿಂದ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ. ಅಕ್ಕನಿಗೆ ಆಶ್ಚರ್ಯ. ‘ನಾವು ಈ ಊರಿನವರಲ್ಲ ಅಂತ ಹೇಳು ಮಾರಾಯ’ ಅಂದಳು. ಬೇಕಾಗಿಯೇ ಇಲ್ಲ. ನಮ್ಮ ಶಕ್ತಿ ಯೋಜನೆಯಲ್ಲಿ ಕರ್ನಾಟಕದವರು ಅನ್ನುವುದಕ್ಕೆ ಗುರುತಿನ ಚೀಟಿ ತೋರಿಸಬೇಕು. ಇಲ್ಲಿ ಯಾವ ಊರಿನವರು ಅಂತ ಯಾರೂ ಕೇಳಲಿಲ್ಲ. ಆದರೆ ಎಲ್ಲ ಬಸ್ಸಿಗೂ ಇದು ಅನ್ವಯಿಸುವುದಿಲ್ಲ. ಡೀಲಕ್ಸ್, ಎಸಿ ಬಸ್ಸುಗಳಲ್ಲಿ ಟಿಕೆಟ್ ಕೊಳ್ಳಲೇಬೇಕು. ಹತ್ತುವ ಮುಂಚೆ ಬಸ್ಸಿನ ಮುಂಭಾಗ ನೋಡಿ, ಉಚಿತ ಬಸ್ಸುಗಳಲ್ಲಿ ಹೆಚ್ಚಿನವಕ್ಕೆ ಗುಲಾಬಿ ಬಣ್ಣ ಬಳಿದಿರುತ್ತಾರೆ.

ದುಡ್ಡಿನ ವಿಷಯದಲ್ಲಿ ಬಸ್ಸೇ ಗೆದ್ದಿತು ಅನ್ನಿ. ಆದರೆ ಕತ್ತಿಪಾರ ಜಂಕ್ಷನ್ನಿಗೆ ಬರುವಷ್ಟರಲ್ಲಿ ಗಾಡಿ ನಿಂತೇಹೋಯಿತು. ಸಂಜೆ ಐದೂವರೆ. ಕಾಲಿಡಲು ಜಾಗವಿಲ್ಲ, ಸೆಖೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕ ಗಿಂಡಿಯಲ್ಲೇ ಇಳಿಯುವ ಅಂದಳು. ಇಳಿದೆವು. ಗಿಂಡಿಯಲ್ಲಿ ಲೋಕಲ್ ಸ್ಟೇಷನ್ನು, ಮೆಟ್ರೊ, ಬಸ್ಸು ಮೂರೂ ಅಕ್ಕಪಕ್ಕ. ಅಲ್ಲಿಂದ ಲೋಕಲ್ ಹಿಡಿದು ಎಗ್ಮೋರ್‌ಗೆ ಬಂದೆವು. ಸಂಜೆ ಜನವೆಲ್ಲ ತಾಂಬರಂ ಕಡೆಗೆ ಹೋಗುವವರು, ನಮ್ಮ ದಿಕ್ಕಿನ ರೈಲಿನಲ್ಲಿ ಆರಾಮಾಗಿ ಸೀಟು ಸಿಕ್ಕಿತು. ಬಸ್ಸನ್ನು ನಾನು ಬೈಯುವುದಿಲ್ಲ. ಗಿಂಡಿ, ಸೈದಾಪೇಟೆ ಕಡೆ ರೂಮು ಇರುವವರಿಗೆ, ಅದರಲ್ಲೂ ಕೈಯಲ್ಲಿ ಸಣ್ಣ ಚೀಲ ಇರುವ ಹೆಂಗಸರಿಗೆ ಅದೇ ಸರಿ. ಎಗ್ಮೋರ್‌ವರೆಗೆ ಬರುವವರಿಗೆ ಬೇಡ.

ಈಗ ನನ್ನನ್ನು ಕೇಳಿದರೆ, ಒಬ್ಬರೇ ಹೋಗುವವರು, ಹೆಗಲ ಮೇಲೆ ಹೊರುವಷ್ಟೇ ಸಾಮಾನಿದ್ದರೆ ಕಣ್ಣುಮುಚ್ಚಿ ತಿರುಸೂಲಂಗೆ ನಡೆಯಿರಿ. ಬೆಳಗಿನ ಆಫೀಸ್ ಹೊತ್ತು ಮಾತ್ರ ತಪ್ಪಿಸಿ. ವಯಸ್ಸಾದವರು, ಸಣ್ಣ ಮಕ್ಕಳು, ಚಕ್ರದ ಸೂಟ್‌ಕೇಸು ಏನಿದ್ದರೂ ಮೆಟ್ರೊ. ಮೌಂಟ್ ರೋಡಿನ ಆಸುಪಾಸು, ತೇನಾಂಪೇಟೆಯೋ ಥೌಸಂಡ್ ಲೈಟ್ಸೋ, ಅಲ್ಲೆಲ್ಲೋ ರೂಮು ಇದ್ದರೆ ಬೇರೆ ಯೋಚನೆಯೇ ಬೇಡ. ನೀಲಿ ಮಾರ್ಗದಲ್ಲಿ ಬದಲಾಯಿಸದೆ ನೇರ ಇಳಿಯಬಹುದು. ಮೆಟ್ರೊ ಬೆಳಿಗ್ಗೆ ಐದಕ್ಕೆ ಶುರು, ರಾತ್ರಿ ಹನ್ನೊಂದರವರೆಗೆ. ಹತ್ತೂವರೆಯ ಮೇಲೆ ಇಳಿಯುವ ವಿಮಾನ ಹಿಡಿದರೆ ಟ್ಯಾಕ್ಸಿ ದುಡ್ಡನ್ನೂ ಟಿಕೆಟಿಗೆ ಸೇರಿಸಿ ಲೆಕ್ಕ ಹಾಕಿ. ಆಗ ಮುನ್ನೂರು ಜಾಸ್ತಿ ಕೊಟ್ಟು ಸಂಜೆಯ ವಿಮಾನ ಹಿಡಿಯುವುದೇ ಅಗ್ಗ.

ವಾಪಸ್ ಬರುವಾಗ ಮೂರು ಸಲವೂ ಮೆಟ್ರೊದಲ್ಲೇ ಬಂದೆ. ವಿಮಾನ ತಪ್ಪಿದರೆ ಉಳಿಸಿದ್ದೆಲ್ಲ ಹೋಗುತ್ತದಲ್ಲ. ದೇಶದೊಳಗಿನ ವಿಮಾನಗಳು ಟರ್ಮಿನಲ್ 1 ಮತ್ತು 4, ಹೀಗೆ ಎರಡು ಕಡೆಯಿಂದ ಹೊರಡುತ್ತವೆ. ನಿಮ್ಮದು ಯಾವುದು ಅಂತ ಟಿಕೆಟಿನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಅಮ್ಮನನ್ನು ನಡೆಸಿಕೊಂಡು ಹೋಗುವಾಗ ಆ ನಡಿಗೆಗೇ ನಾನು ಇಪ್ಪತ್ತು ನಿಮಿಷ ಬೇರೆ ಇಟ್ಟುಕೊಳ್ಳುತ್ತೇನೆ.