ಆಶ್ರಯಧಾಮದ ಪ್ರಾಣಿಗಳ ಸಂತಾನಹರಣ: ಎರಡು ಬಗೆಯ ಚಿಕಿತ್ಸಾಲಯಗಳ ಹೋಲಿಕೆ

ನಮ್ಮ ಆಶ್ರಯಧಾಮದ ನಾಯಿ, ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆಗಾಗಿ ನಾನು ಎರಡು ಕಡೆ ಓಡಾಡಿದ್ದೇನೆ. ಒಂದು ಎಲ್ಲ ಕಾಯಿಲೆಗಳನ್ನೂ ನೋಡುವ ಖಾಸಗಿ ಪಶುಚಿಕಿತ್ಸಾಲಯ, ಇನ್ನೊಂದು ಬೆಳಗಿನಿಂದ ಸಂಜೆಯವರೆಗೆ ಇದೊಂದೇ ಶಸ್ತ್ರಚಿಕಿತ್ಸೆ ಮಾಡುವ ಕೇಂದ್ರ.

ಸಾಲಾಗಿ ಪಂಜರಗಳನ್ನು ಇಟ್ಟಿದ್ದ ಕೇಂದ್ರವನ್ನು ಕಂಡು ನನಗೆ ಮೊದಲು ಅನುಮಾನವೇ ಬಂದಿತ್ತು. ಆದರೆ ಅಲ್ಲಿ ಪ್ರತಿ ಪ್ರಾಣಿಗೂ ಕ್ರಿಮಿಶುದ್ಧಗೊಳಿಸಿದ ಬೇರೆ ಬೇರೆ ಉಪಕರಣಗಳನ್ನು ಬಳಸುತ್ತಿದ್ದರು. ಅದೇ ಕೆಲಸದಲ್ಲಿ ಕೈ ಪಳಗಿದ್ದರಿಂದ ವೈದ್ಯರು ಹಾಕುವ ಗಾಯವೂ ಚಿಕ್ಕದು, ಪ್ರಾಣಿ ಅರಿವಳಿಕೆಯಲ್ಲಿರುವ ಹೊತ್ತೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಚರ್ಮದ ಒಳಗೆ ತಾನಾಗಿಯೇ ಕರಗುವ ಹೊಲಿಗೆ ಹಾಕುತ್ತಿದ್ದರು. ಖಾಸಗಿ ಚಿಕಿತ್ಸಾಲಯದಲ್ಲಿ ಮೇಲೆ ಹಾಕಿದ ಹೊಲಿಗೆಯನ್ನು 10ರಿಂದ 14 ದಿನಗಳ ಬಳಿಕ ಬಿಚ್ಚಿಸಬೇಕಾಗುತ್ತಿತ್ತು. ಒಮ್ಮೆ ಬೋನಿಗೆ ಬಿದ್ದು ಪಾಠ ಕಲಿತ ಅಂಜುಬುರುಕ ಬೆಕ್ಕನ್ನು ಎರಡನೆಯ ಸಲ ಹಿಡಿಯುವುದು ಎಂಥ ಕೆಲಸವೆಂಬುದು ಹಿಡಿದವರಿಗಷ್ಟೇ ಗೊತ್ತು.

ಉಪವಾಸದ ವಿಷಯದಲ್ಲೂ ಕೇಂದ್ರದವರೇ ಹೆಚ್ಚು ತಿಳಿದವರಾಗಿದ್ದರು. ಖಾಸಗಿ ಚಿಕಿತ್ಸಾಲಯದವರು ಎಲ್ಲಕ್ಕೂ ಹಿಂದಿನ ರಾತ್ರಿಯಿಂದಲೇ ಆಹಾರ ನಿಲ್ಲಿಸುವಂತೆ ಹೇಳಿದ್ದರೆ, ಹಸಿದ ಪುಟ್ಟ ಮರಿಗಳಲ್ಲಿ ರಕ್ತದ ಸಕ್ಕರೆ ಬೇಗ ಇಳಿಯುತ್ತದೆಂದು ಕೇಂದ್ರದವರು ಅವುಗಳಿಗೆ ಬೆಳಿಗ್ಗೆ ಸ್ವಲ್ಪ ತಿನ್ನಿಸಿ ತರಲು ಹೇಳಿದರು.

ಕೇಂದ್ರ ಸೋತದ್ದು ಸಂಜೆಯ ನಂತರ. ಬಾಗಿಲು ಮುಚ್ಚುವ ಹೊತ್ತಿಗೆ ಇನ್ನೂ ತೂರಾಡುತ್ತಿದ್ದ ಪ್ರಾಣಿಗಳನ್ನೂ ನಮ್ಮ ಕೈಗೊಪ್ಪಿಸುತ್ತಿದ್ದರು. ಒಂದು ರಾತ್ರಿ ಹೆಣ್ಣುಬೆಕ್ಕೊಂದು ಹೊಲಿಗೆ ನೆಕ್ಕಿ ಗಾಯ ಬಿಚ್ಚಿಕೊಂಡಾಗ ಅವರ ದೂರವಾಣಿಗೆ ಉತ್ತರವೇ ಇರಲಿಲ್ಲ. ಬಾಗಿಲು ತೆರೆದದ್ದು ಖಾಸಗಿ ಚಿಕಿತ್ಸಾಲಯದವರೇ. ರಕ್ತಪರೀಕ್ಷೆ ಮಾಡಿಯೇ ಅರಿವಳಿಕೆ ಕೊಡುವ, ರಾತ್ರಿ ಉಳಿಸಿಕೊಂಡು ನೋಡುವ ಅವರ ವ್ಯವಸ್ಥೆ ಮುದಿ ನಾಯಿಗಳಿಗೂ ಗರ್ಭಕೋಶದಲ್ಲಿ ಕೀವು ತುಂಬಿದಂಥವುಗಳಿಗೂ ಅನಿವಾರ್ಯ.

ಗಂಡುನಾಯಿಯನ್ನು ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ಬೆದೆಗೆ ಬಂದ ಹೆಣ್ಣಿನಿಂದ ದೂರವಿಡಬೇಕೆಂಬುದನ್ನು ಮಾತ್ರ ಎರಡೂ ಕಡೆಯವರು ನಾನಾಗಿ ಕೇಳಿದ ಮೇಲೆಯೇ ಹೇಳಿದರು.

ಈಗ ಆರೋಗ್ಯವಂತ ಎಳೆಯ ಪ್ರಾಣಿಗಳನ್ನು ಕೇಂದ್ರಕ್ಕೇ ಒಯ್ಯುತ್ತೇನೆ. ಆದರೆ ಪ್ರತಿಯೊಂದೂ ತಲೆಯೆತ್ತಿ ನಿಲ್ಲುವವರೆಗೆ ಅಲ್ಲಿಂದ ಹೊರಡುವುದಿಲ್ಲ, ಖಾಸಗಿ ವೈದ್ಯರಿಗೆ ಅಂದಿನ ಪಟ್ಟಿಯನ್ನು ಮೊದಲೇ ತಿಳಿಸಿರುತ್ತೇನೆ.