ಮನೆಗೇ ಬಂದು ರಕ್ತ ತೆಗೆಯುವ ಸೇವೆ: ಮೂರು ವರ್ಷ ಬಳಸಿದ ಮೇಲೆ

ಯಾವ ಪ್ಯಾಕೇಜಿಗೆ ಎಷ್ಟು ದುಡ್ಡು, ಯಾವ ಟೆಸ್ಟ್ ಅದರಲ್ಲಿ ಬರುತ್ತೆ ಅಂತ ಆ್ಯಪ್‌ನಲ್ಲೇ ನೋಡಿರುತ್ತೀರಿ. ಅದನ್ನು ಬಿಡುತ್ತೇನೆ. ನನ್ನನ್ನು ಬರೆಯಲು ಕೂರಿಸಿದ್ದು 6.2 ಅನ್ನುವ ಒಂದು ಸಂಖ್ಯೆ.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಮ್ಮನಿಗೆ 69. ಸಕ್ಕರೆ ಕಾಯಿಲೆ ಹಳೆಯದು, ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಲ್ಯಾಬಿಗೆ ಹೋದರೆ ಆಟೋ, ಟೋಕನ್, ನನ್ನ ಅರ್ಧ ದಿನದ ರಜೆ. ಮನೆಗೆ ಕರೆಸಿದರೆ 100 ರೂಪಾಯಿ ಜಾಸ್ತಿ, ಅಷ್ಟೆ. ಲೆಕ್ಕ ಸುಲಭ ಅಲ್ವಾ?

ಮೊದಲ ಎರಡು ವರ್ಷ ಒಬ್ಬನೇ ಹುಡುಗ ಬರುತ್ತಿದ್ದ. ಬೆಳಗ್ಗೆ ಆರೂವರೆ ಅಂದರೆ ಆರೂವರೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಅಮ್ಮನ ಊಟ ಮುಗಿದಿರುತ್ತಿತ್ತು. ಖಾಲಿ ಹೊಟ್ಟೆ ಅಂದರೆ ಒಂದು ಗುಟುಕು ನೀರೂ ಕೂಡದು ಅಂತ ಅವಳ ನಂಬಿಕೆ. ಮೊದಲ ದಿನವೇ ಅವನು ನಕ್ಕುಬಿಟ್ಟ. "ಕಾಫಿ ಬೇಡ ಅಂದಿದ್ದು ಅಮ್ಮ, ನೀರು ಬೇಡ ಅಂದಿಲ್ಲ. ನೀರು ಕುಡೀದಿದ್ರೆ ನರ ಹೇಗೆ ಸಿಗುತ್ತೆ?" ಅಂದಿನಿಂದ ಎದ್ದ ತಕ್ಷಣ ಎರಡು ಲೋಟ ನೀರು.

ಒಳಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತಿತ್ತು. ಅಮ್ಮನ ಕಣ್ಣೆಲ್ಲ ಅದರ ಮೇಲೆ. ಅವನು ಅವಸರ ಪಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂರಿಸಿ, ಬಿಸಿನೀರಲ್ಲಿ ಹಿಂಡಿದ ಟವೆಲ್ ಕೈಗೆ ಸುತ್ತುತ್ತಿದ್ದ. ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕಿ, ಮತ್ತೆ ಸಡಿಲ ಮಾಡುತ್ತಿದ್ದ. ಸ್ಪಿರಿಟ್ ಹಚ್ಚಿ ಅದು ಒಣಗುವ ತನಕ ಸುಮ್ನೆ ಕಾಯುತ್ತಿದ್ದ. ಆಮೇಲೆ ಮೊದಲು ಹಳದಿ ಮುಚ್ಚಳದ ಟ್ಯೂಬ್, ನಂತರ ನೇರಳೆ, ಕೊನೆಗೆ ಬೂದು. ಈ ಸಾಲು ಯಾವತ್ತೂ ತಪ್ಪಿದ್ದಿಲ್ಲ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿರುವುದು ಪೊಟ್ಯಾಸಿಯಂ ಸೇರಿದ ಉಪ್ಪು. ಅದರ ಚೂರು ಹಳದಿಗೆ ಹೋದರೂ ಪೊಟ್ಯಾಸಿಯಂ ಲೆಕ್ಕ ಕೆಡುತ್ತೆ ಅಂತ ಹೇಳಿಕೊಟ್ಟವನು ಅವನೇ. ಟ್ಯೂಬನ್ನು ಕುಲುಕುತ್ತಿರಲಿಲ್ಲ, ಮೆಲ್ಲಗೆ ತಲೆಕೆಳಗು ಮಾಡಿ ಎತ್ತುತ್ತಿದ್ದ, ಎಂಟು ಹತ್ತು ಸಲ. ಪ್ರತಿ ಸಲವೂ "ನಿಮ್ಮ ಹೆಸರು ಹೇಳಿ ಅಮ್ಮ" ಅಂತ ಕೇಳಿ ಅಲ್ಲೇ ಬರೆಯುತ್ತಿದ್ದ. "ಮರೆತುಹೋಯ್ತೇನಪ್ಪಾ ನಿಂಗೆ?" ಅಂತ ಅಮ್ಮನೂ ಪ್ರತಿ ಸಲ ರೇಗಿಸುತ್ತಿದ್ದಳು. ಹತ್ತಿ ಒತ್ತಿ ಹಿಡಿದುಕೊಂಡೇ ಅವನಿಗೊಂದು ಲೋಟ ಕಾಫಿ ಕೊಡಿಸುವಳು. ಆ ದಿನಗಳಿಗೆ ಐದಕ್ಕೆ ಐದು.

ಅವನು ಕೆಲಸ ಬಿಟ್ಟ. ಆಮೇಲೆ ಬಂದವರು ಪ್ರತಿ ಸಲ ಹೊಸಬರು.

ಮೊದಲು ಕೆಟ್ಟಿದ್ದು ಸಕ್ಕರೆ, ಅದೂ ಅಮ್ಮನಿಗೆ ಖುಷಿಯಾಗುವ ಹಾಗೆ. ಆ ಬೆಳಗ್ಗೆ ಮನೆಯ ಮೀಟರಿನಲ್ಲಿ 112 ಇತ್ತು. ಲ್ಯಾಬಿನ ರಿಪೋರ್ಟಿನಲ್ಲಿ 88. ಸಂಜೆ ಅವಳು ಒಂದು ಒಬ್ಬಟ್ಟು ತಿಂದೇಬಿಟ್ಟಳು. ಮೀಟರಿನಲ್ಲೂ ಹೆಚ್ಚುಕಮ್ಮಿ ಬರುತ್ತೆ, ಒಪ್ಪುತ್ತೇನೆ. ಆದರೆ ಆ ಸಲ ಬೂದು ಟ್ಯೂಬನ್ನೇ ತೆಗೆದಿರಲಿಲ್ಲ. "ಎಲ್ಲಾ ಒಂದರಲ್ಲೇ ಆಗುತ್ತೆ" ಅಂದಿದ್ದರು. ಟ್ಯೂಬಿನೊಳಗೂ ರಕ್ತಕಣಗಳು ಜೀವಂತವಾಗೇ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತೆ. ಬೂದು ಟ್ಯೂಬಿನಲ್ಲಿ ಫ್ಲೋರೈಡ್ ಇರುವುದು ಅದನ್ನು ತಡೆಯಲಿಕ್ಕೆ. ಅದೂ ಹಾಕಿದ ತಕ್ಷಣ ಪೂರ್ತಿ ನಿಲ್ಲಿಸುವುದಿಲ್ಲ, ಹಾಗಾಗಿ ಬೇಗ ಲ್ಯಾಬ್ ಸೇರಲೇಬೇಕು.

ಕಳೆದ ಏಪ್ರಿಲಿನಲ್ಲಿ ಬಂದವನು ಬಂದಿದ್ದೇ ಎಂಟೂಕಾಲಿಗೆ. ಪಟ್ಟಿ ಬಿಗಿದ, ನರ ಸಿಗಲಿಲ್ಲ. "ಮುಷ್ಟಿ ಹಿಡೀರಿ, ಬಿಡಿ, ಹಿಡೀರಿ." ಒಲೆ ಮೇಲೆ ಹಾಲು ಉಕ್ಕಿತು. ಓಡಿಹೋಗಿ ಆರಿಸಿ, ಕಟ್ಟೆ ಒರೆಸಿ ಬಂದೆ. ಪಟ್ಟಿ ಇನ್ನೂ ಹಾಗೇ ಇತ್ತು. ಒಂದು ನಿಮಿಷಕ್ಕಿಂತ ಜಾಸ್ತಿ ಕಟ್ಟಿರಬಾರದು ಅದು. ಸ್ಪಿರಿಟ್ ಆರುವ ಮೊದಲೇ ಚುಚ್ಚಿದ. "ಉರೀತಿದೆ ಕಣಪ್ಪಾ" ಅಂದಳು ಅಮ್ಮ. ಸಿರಿಂಜಿನಲ್ಲಿ ಜೋರಾಗಿ ಎಳೆದು, ಅದೇ ಸೂಜಿಯಿಂದ ಟ್ಯೂಬಿಗೆ ಒತ್ತಿ ತುಂಬಿದ. ಬ್ಯಾಗನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿ ಬಿಸಿಲಲ್ಲಿ ಶ್ರೀರಾಂಪುರದ ಕಡೆ ಹೊರಟ. ಅಲ್ಲಿಂದ ಬೋಗಾದಿಯಂತೆ.

ಸಂಜೆ ರಿಪೋರ್ಟ್ ಬಂತು. ಪೊಟ್ಯಾಸಿಯಂ 6.2, ಕೆಂಪು ಅಕ್ಷರದಲ್ಲಿ. ಸುಮಾರು 3.5ರಿಂದ 5 ಇರಬೇಕಾದ್ದು. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಏರಿಸಬಲ್ಲ ಮಾತ್ರೆ, ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರು ಫೋನಿನಲ್ಲೇ "ಈಗಲೇ ಇಸಿಜಿ ಮಾಡಿಸಿ" ಅಂದರು. ರಾತ್ರಿ ಒಂಬತ್ತಕ್ಕೆ ಆಸ್ಪತ್ರೆ. ಅಮ್ಮ ಆಟೋದಲ್ಲಿ ಮಾತೇ ಆಡಲಿಲ್ಲ. ಇಸಿಜಿ ಸರಿಯಾಗಿತ್ತು. ಅಲ್ಲೇ ಹೊಸದಾಗಿ ರಕ್ತ ತೆಗೆದರು, ಮುಷ್ಟಿ ಹಿಡಿಸದೆ. 4.4!

ಕೆಂಪು ರಕ್ತಕಣದ ಒಳಗೆ ಹೊರಗಿಗಿಂತ 20 ಪಟ್ಟಿಗೂ ಜಾಸ್ತಿ ಪೊಟ್ಯಾಸಿಯಂ ಇರುತ್ತೆ. ಟ್ಯೂಬಿನಲ್ಲಿ ಕಣ ಒಡೆದರೆ ಅದೆಲ್ಲ ಹೊರಗೆ. ಮುಷ್ಟಿ ಹಿಡಿದು ಬಿಟ್ಟು ಮಾಡಿದರೂ ಸ್ನಾಯುವಿನಿಂದ ಇನ್ನಷ್ಟು ಬರುತ್ತೆ. ಏರಿದ್ದು ಟ್ಯೂಬಿನಲ್ಲಿ, ಅಮ್ಮನಲ್ಲಿ ಅಲ್ಲ.

ಮಾರನೇ ದಿನ ರಿಪೋರ್ಟಿನ ಎರಡನೇ ಪುಟ ನೋಡಿದೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ "ಸ್ಯಾಂಪಲ್ ಹಿಮೋಲೈಸ್ ಆಗಿದೆ" ಅಂತಿತ್ತು. ಅಂದರೆ ಕಣ ಒಡೆದದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಫೋನ್ ಮಾಡಿ "ಮತ್ತೆ ತೆಗೀತೀವಿ" ಅನ್ನಲಿಲ್ಲ. ನನ್ನ ಸಿಟ್ಟು ಇಲ್ಲೇ ಇರುವುದು. ದೂರು ಕೊಟ್ಟಿದ್ದಕ್ಕೆ ಮುಂದಿನ ಟೆಸ್ಟಿಗೆ ರಿಯಾಯಿತಿ ಕೂಪನ್ ಕಳಿಸಿದರು.

ಆ ಹುಡುಗನ ಮೇಲೆ ಮಾತ್ರ ಸಿಟ್ಟಿಲ್ಲ. "ಇನ್ನೂ ಏಳು ಮನೆ ಇದೆ ಮೇಡಂ" ಅಂತ ಬೆವರು ಒರೆಸಿಕೊಂಡಿದ್ದ. ನೀರು ಕೇಳಿ ಕುಡಿದ.

ಸೇವೆಯನ್ನು ಪೂರ್ತಿ ಬಿಟ್ಟಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಗೆ ಈಗಲೂ ಮನೆಗೇ ಕರೆಸುತ್ತೇನೆ. ಅದಕ್ಕೆ ಖಾಲಿ ಹೊಟ್ಟೆ ಬೇಡ, ಒಂದೆರಡು ಗಂಟೆ ತಡವಾದರೂ ಕೆಡುವುದಿಲ್ಲ. ಮೊದಲ ಸ್ಲಾಟೇ ಬುಕ್ ಮಾಡುತ್ತೇನೆ. ಪೊಟ್ಯಾಸಿಯಂ, ಖಾಲಿ ಹೊಟ್ಟೆಯ ಸಕ್ಕರೆ ಇದ್ದರೆ ಅರ್ಧ ದಿನ ರಜೆ ಹಾಕಿ ಅಮ್ಮನನ್ನು ಲ್ಯಾಬಿಗೇ ಕರೆದುಕೊಂಡು ಹೋಗುತ್ತೇನೆ. ಒಟ್ಟು ಐದಕ್ಕೆ ಎರಡೂವರೆ ಕೊಡುತ್ತೇನೆ.

ಲ್ಯಾಬಿಗೆ ಹೋಗುವವರು ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ಎದುರಿನ ಅಂಗಡಿಯದ್ದು ಅಮ್ಮನಿಗೆ ಹಿಡಿಸಲಿಲ್ಲ.